ವಿಶ್ವವಿದ್ಯಾಲಯದ ಗಡಿ ಬದಲಾದಾಗ ಮೈದಾನ ಮರೆಯದಿರಲಿ

ರಾಜ್ಯದಲ್ಲಿ ಹೊಸದಾಗಿ ಆರಂಭಗೊಂಡ ವಿಶ್ವವಿದ್ಯಾಲಯಗಳ ಪೈಕಿ ಒಂಬತ್ತನ್ನು ಮುಚ್ಚಿ, ಅವುಗಳ ಕಾಲೇಜುಗಳನ್ನು ಮೂಲ ವಿಶ್ವವಿದ್ಯಾಲಯಗಳಿಗೆ ಮರಳಿಸುವ ಪ್ರಸ್ತಾವವನ್ನು 2025ರ ಫೆಬ್ರುವರಿಯಲ್ಲಿ ಸಚಿವ ಸಂಪುಟದ ಉಪಸಮಿತಿ ಮುಂದಿಟ್ಟಾಗ ಸಾಕಷ್ಟು ಚರ್ಚೆ ನಡೆಯಿತು. ಕಟ್ಟಡಗಳ ಬಗ್ಗೆ, ಖಾಲಿ ಹುದ್ದೆಗಳ ಬಗ್ಗೆ, ಪಿಂಚಣಿಯ ಹೊರೆಯ ಬಗ್ಗೆ ಎಲ್ಲರೂ ಮಾತನಾಡಿದರು. ಇವೆಲ್ಲ ಅಗತ್ಯವಾದ ಮಾತುಗಳೇ. ಆದರೆ ಕೊಡಗು, ಹಾಸನ, ಚಾಮರಾಜನಗರಗಳ ಸಣ್ಣ ಕಾಲೇಜೊಂದರ ಕಬಡ್ಡಿ ಅಥವಾ ಹಾಕಿ ತಂಡ ಮುಂದಿನ ವರ್ಷ ಯಾರ ವಿರುದ್ಧ, ಎಲ್ಲಿ, ಯಾವಾಗ ಆಡಬೇಕು ಎಂಬ ಪ್ರಶ್ನೆಯನ್ನು ಎತ್ತಿದವರು ನನ್ನ ಕಣ್ಣಿಗೆ ಬೀಳಲಿಲ್ಲ. ಈ ಪ್ರಶ್ನೆ ಕ್ಷುಲ್ಲಕವೆಂದು ಅನೇಕರಿಗೆ ಅನ್ನಿಸಬಹುದು. ಚಿತ್ರದುರ್ಗ ಜಿಲ್ಲೆಯ ಅನುಭವವನ್ನು ಬಲ್ಲವರಿಗೆ ಹಾಗೆ ಅನ್ನಿಸಲಾರದು.

ಕಾಲೇಜು ಕ್ರೀಡೆಯ ವ್ಯವಸ್ಥೆ ನಮ್ಮಲ್ಲಿ ಒಂದೇ ಕಂಬದ ಮೇಲೆ ನಿಂತಿದೆ. ಅದು ವಿಶ್ವವಿದ್ಯಾಲಯದ ಸಂಯೋಜನೆ. ಕಾಲೇಜು ಯಾವ ವಿಶ್ವವಿದ್ಯಾಲಯಕ್ಕೆ ಸೇರಿದೆಯೋ ಆ ವಿಶ್ವವಿದ್ಯಾಲಯದ ಅಂತರ ಕಾಲೇಜು ಟೂರ್ನಿಯಲ್ಲಿ ಅದರ ತಂಡ ಆಡಬೇಕು. ಅಲ್ಲಿ ಗಮನ ಸೆಳೆದವರು ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆಯಾಗುತ್ತಾರೆ. ಆ ತಂಡ ಭಾರತೀಯ ವಿಶ್ವವಿದ್ಯಾಲಯಗಳ ಸಂಘ ನಡೆಸುವ ದಕ್ಷಿಣ ವಲಯ ಸ್ಪರ್ಧೆಗೆ, ಅಲ್ಲಿ ಗೆದ್ದರೆ ಅಖಿಲ ಭಾರತ ಮಟ್ಟಕ್ಕೆ ಹೋಗುತ್ತದೆ. 2020ರಲ್ಲಿ ಆರಂಭವಾದ ಖೇಲೊ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟಕ್ಕೂ ಇದೇ ದಾರಿ. ಹಳ್ಳಿಯ ವಿದ್ಯಾರ್ಥಿಯೊಬ್ಬನಿಗೆ ‘ಯೂನಿವರ್ಸಿಟಿ ಬ್ಲೂ’ ಎಂಬ ಮನ್ನಣೆ, ಕ್ರೀಡಾ ಕೋಟಾದಡಿ ಪೊಲೀಸ್, ರೈಲ್ವೆಯಂತಹ ಇಲಾಖೆಗಳಲ್ಲಿ ಕೆಲಸ, ದೈಹಿಕ ಶಿಕ್ಷಣದ ಉನ್ನತ ವ್ಯಾಸಂಗಕ್ಕೆ ಸೀಟು ಎಲ್ಲಕ್ಕೂ ಈ ಮೆಟ್ಟಿಲುಗಳೇ ಆಧಾರ. ಮೊದಲ ಮೆಟ್ಟಿಲು ಅಲುಗಾಡಿದರೆ ಮೇಲಿನವುಗಳ ಮಾತೇ ಬರುವುದಿಲ್ಲ.

ಚಿತ್ರದುರ್ಗದ ಕಾಲೇಜುಗಳು ಈ ಮೊದಲ ಮೆಟ್ಟಿಲನ್ನು ಎರಡು ಬಾರಿ ಬದಲಾಯಿಸಿಕೊಂಡಿವೆ. 1916ರಲ್ಲಿ ಸ್ಥಾಪನೆಯಾದ ಮೈಸೂರು ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿದ್ದ ಅವು 1987ರಲ್ಲಿ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯಕ್ಕೆ ಸೇರಿದವು. 2009ರಲ್ಲಿ ದಾವಣಗೆರೆ ವಿಶ್ವವಿದ್ಯಾಲಯ ಸ್ಥಾಪನೆಯಾದಾಗ ಅದರ ವ್ಯಾಪ್ತಿಗೆ ಬಂದವು. ಈ ನಡುವೆ 1997ರಲ್ಲಿ ಜಿಲ್ಲೆಯೇ ಒಡೆದು ದಾವಣಗೆರೆ, ಹರಿಹರ, ಜಗಳೂರು ತಾಲ್ಲೂಕುಗಳು ಹೊಸ ಜಿಲ್ಲೆಗೆ ಹೋದವು. ಇಪ್ಪತ್ತೆರಡು ವರ್ಷಗಳ ಅವಧಿಯಲ್ಲಿ ಒಂದು ಜಿಲ್ಲೆಯ ಕಾಲೇಜುಗಳಿಗೆ ಮೂರು ವಿಶ್ವವಿದ್ಯಾಲಯಗಳ ನಿಯಮಾವಳಿ, ಮೂರು ಕ್ರೀಡಾ ವಿಭಾಗಗಳು, ಮೂರು ಬಗೆಯ ಎದುರಾಳಿಗಳು!

ಈ ಬದಲಾವಣೆಗಳೆಲ್ಲ ಕೆಟ್ಟವು ಎಂದು ನಾನು ಹೇಳುವುದಿಲ್ಲ. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ಲಾಭ ನಷ್ಟ ಎರಡನ್ನೂ ತೂಗಿ ನೋಡಬೇಕು. ಮೈಸೂರಿನ ಕಾಲದಲ್ಲಿ ಹೊಸದುರ್ಗದ ತಂಡವೊಂದು ಮಾನಸಗಂಗೋತ್ರಿಗೆ ಹೋಗಿ ಬರುವುದೆಂದರೆ ಎರಡು ಮೂರು ದಿನಗಳ ಪ್ರಯಾಣ ಮತ್ತು ವಸತಿಯ ಖರ್ಚು. ಇಂದು ಚಿತ್ರದುರ್ಗದಿಂದ ದಾವಣಗೆರೆಗೆ ಸುಮಾರು 60 ಕಿಲೊಮೀಟರ್; ಬೆಳಿಗ್ಗೆ ಹೊರಟು ಆಡಿ ರಾತ್ರಿ ಮನೆ ಸೇರಬಹುದು. ಅವಕಾಶದ ಲೆಕ್ಕವೂ ಹಾಗೆಯೇ. ಒಂದು ವಿಶ್ವವಿದ್ಯಾಲಯದ ಕಬಡ್ಡಿ ತಂಡಕ್ಕೆ ಬೇಕಾಗುವುದು ಹನ್ನೆರಡು ಮಂದಿ. ಆಗ ಆ ಹನ್ನೆರಡು ಸ್ಥಾನಗಳಿಗೆ ಮೈಸೂರು, ಮಂಡ್ಯ, ಹಾಸನ, ಶಿವಮೊಗ್ಗಗಳ ಆಟಗಾರರೊಂದಿಗೆ ಸೆಣಸಬೇಕಿತ್ತು. ಈಗ ಎರಡೇ ಜಿಲ್ಲೆಗಳ ನಡುವೆ ಪೈಪೋಟಿ. ಹೊಳಲ್ಕೆರೆಯ ಹುಡುಗನಿಗೆ ವಿಶ್ವವಿದ್ಯಾಲಯದ ಜೆರ್ಸಿ ಹತ್ತಿರವಾಗಿದೆ.

ಆದರೆ ಇದೇ ನಾಣ್ಯದ ಇನ್ನೊಂದು ಮುಖವನ್ನೂ ನೋಡಬೇಕು. ಕ್ರೀಡಾ ವಿಭಾಗ, ತರಬೇತುದಾರರು, ಸಿಂಥೆಟಿಕ್ ಟ್ರ್ಯಾಕ್, ತರಬೇತಿ ಶಿಬಿರ ಇವು ಸ್ಥಿರ ವೆಚ್ಚಗಳು. ಇನ್ನೂರು ಕಾಲೇಜುಗಳಿರಲಿ, ಐವತ್ತೇ ಇರಲಿ, ಈ ಖರ್ಚು ಹೆಚ್ಚು ಕಡಿಮೆ ಅಷ್ಟೇ. ವಿದ್ಯಾರ್ಥಿಗಳ ಕ್ರೀಡಾ ಶುಲ್ಕದಿಂದಲೇ ಬಹುಪಾಲು ನಡೆಯಬೇಕಾದ ಈ ಚಟುವಟಿಕೆ, ವ್ಯಾಪ್ತಿ ಕಿರಿದಾದಷ್ಟೂ ಬಡವಾಗುತ್ತದೆ. ಜತೆಗೆ ಬಲಿಷ್ಠ ಎದುರಾಳಿಗಳು ದೂರವಾಗುತ್ತಾರೆ. ಕೊಡಗಿನ ಕಾಲೇಜುಗಳು ಮಂಗಳೂರು ವಿಶ್ವವಿದ್ಯಾಲಯದಲ್ಲಿದ್ದಾಗ ಕೊಡಗಿನ ಹಾಕಿ, ಕರಾವಳಿಯ ವಾಲಿಬಾಲ್ ಹಾಗೂ ಕಬಡ್ಡಿ, ಮೂಡುಬಿದಿರೆಯ ಅಥ್ಲೆಟಿಕ್ಸ್ ಒಂದೇ ಧ್ವಜದಡಿ ಇದ್ದವು. ಒಬ್ಬರ ಬಲ ಇನ್ನೊಬ್ಬರಿಗೆ ಪಾಠವಾಗುತ್ತಿತ್ತು. ಕೊಡಗು ಪ್ರತ್ಯೇಕವಾದಾಗ ಅಲ್ಲಿನವರಿಗೆ ಸ್ಥಾನಗಳು ಹೆಚ್ಚಿದವು, ಸಹವಾಸ ಕಡಿಮೆಯಾಯಿತು. ಈಗ ಮರಳಿ ಸೇರಿಸಿದರೆ ಲೆಕ್ಕ ತಿರುಗುಮುರುಗಾಗುತ್ತದೆ. ಹಾಗಾಗಿ ದೊಡ್ಡದು ಒಳ್ಳೆಯದೋ ಚಿಕ್ಕದು ಒಳ್ಳೆಯದೋ ಎಂಬುದಕ್ಕೆ ಸಾರ್ವತ್ರಿಕ ಉತ್ತರವಿಲ್ಲ. ನಿಶ್ಚಿತವಾಗಿ ಕೆಟ್ಟದ್ದು ಒಂದೇ: ಮುನ್ಸೂಚನೆಯಿಲ್ಲದ, ಸಿದ್ಧತೆಯಿಲ್ಲದ ಬದಲಾವಣೆ.

ಗಡಿಗಳ ಈ ರಾಜಕೀಯಕ್ಕೆ ಇನ್ನೊಂದು ಆಯಾಮವಿದೆ. ವೃತ್ತಿಪರ ಶಿಕ್ಷಣಕ್ಕೆ ಪ್ರತ್ಯೇಕ ವಿಶ್ವವಿದ್ಯಾಲಯಗಳು ಬಂದ ಮೇಲೆ ಒಂದೇ ಊರಿನ ಕಾಲೇಜುಗಳು ಪರಸ್ಪರ ಅಪರಿಚಿತವಾದವು. ನಾನು ಬೆಳಗಿನ ನಡಿಗೆಗೆ ಹೋಗುವ ಚಂದ್ರವಳ್ಳಿಯ ಸುತ್ತಮುತ್ತಲನ್ನೇ ನೋಡಿ. ಅಲ್ಲಿರುವ ಎಸ್‌ಜೆಎಂ ಪದವಿ ಕಾಲೇಜು ದಾವಣಗೆರೆ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ಅದೇ ಊರಿನ ಎಂಜಿನಿಯರಿಂಗ್ ಕಾಲೇಜು ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ, ವೈದ್ಯಕೀಯ ಕಾಲೇಜು ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ, ಕಾನೂನು ಕಾಲೇಜು ಹುಬ್ಬಳ್ಳಿಯ ಕಾನೂನು ವಿಶ್ವವಿದ್ಯಾಲಯಕ್ಕೆ ಸೇರಿವೆ. ಹಿರಿಯೂರಿನ ತೋಟಗಾರಿಕೆ ಕಾಲೇಜು ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯದ ಅಂಗ. ಒಂದೇ ಬೀದಿಯಲ್ಲಿ ಬೆಳೆದ ಇಬ್ಬರು ಗೆಳೆಯರು ಬೇರೆ ಬೇರೆ ಕೋರ್ಸ್ ಸೇರಿದರೆ, ಅಧಿಕೃತ ಪಂದ್ಯವೊಂದರಲ್ಲಿ ಎದುರಾಗಲು ಇಬ್ಬರೂ ತಮ್ಮ ತಮ್ಮ ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆಯಾಗಿ ದಕ್ಷಿಣ ವಲಯ ತಲುಪಬೇಕು. ಐದು ಕಿಲೊಮೀಟರ್ ಅಂತರದಲ್ಲಿರುವ ಎದುರಾಳಿಯನ್ನು ಬಿಟ್ಟು ಇನ್ನೂರು ಕಿಲೊಮೀಟರ್ ದೂರದ ಎದುರಾಳಿಯನ್ನು ಹುಡುಕಿಕೊಂಡು ಹೋಗುವ ಈ ಏರ್ಪಾಡು ಯಾವ ಮಿತವ್ಯಯ ತತ್ವಕ್ಕೂ ಒಗ್ಗುವುದಿಲ್ಲ.

ಇನ್ನು ವೇಳಾಪಟ್ಟಿಯ ವಿಷಯ. 2021–22ರಲ್ಲಿ ರಾಜ್ಯವು ರಾಷ್ಟ್ರೀಯ ಶಿಕ್ಷಣ ನೀತಿಯಂತೆ ನಾಲ್ಕು ವರ್ಷಗಳ ಪದವಿಯನ್ನು ಜಾರಿಗೆ ತಂದಿತು. 2024–25ರಿಂದ ಮತ್ತೆ ಮೂರು ವರ್ಷಗಳ ಪದವಿಗೆ ಮರಳಿತು. ಆ ವರ್ಷ ಒಂದೇ ಕಾಲೇಜಿನಲ್ಲಿ ಮೊದಲ ವರ್ಷದವರಿಗೆ ಒಂದು ಪದ್ಧತಿ, ಹಿರಿಯರಿಗೆ ಇನ್ನೊಂದು ಪದ್ಧತಿ. ಅದಕ್ಕೂ ಮುಂಚೆ ಕೋವಿಡ್ ಶೈಕ್ಷಣಿಕ ಕ್ಯಾಲೆಂಡರನ್ನು ಅಸ್ತವ್ಯಸ್ತಗೊಳಿಸಿತ್ತು. ಪ್ರವೇಶ ತಡವಾದರೆ ಸೆಮಿಸ್ಟರ್ ತಡ, ಸೆಮಿಸ್ಟರ್ ತಡವಾದರೆ ಪರೀಕ್ಷೆ ತಡ, ಪರೀಕ್ಷೆಯ ದಿನಾಂಕ ಪ್ರಕಟವಾದ ಕೂಡಲೇ ಟೂರ್ನಿ ಮುಂದಕ್ಕೆ. ಅತ್ತ ದಕ್ಷಿಣ ವಲಯದ ದಿನಾಂಕ ನಮಗಾಗಿ ಕಾಯುವುದಿಲ್ಲ. ಕೊನೆಗೆ ಅಂತರ ಕಾಲೇಜು ಪಂದ್ಯಗಳನ್ನು ಎರಡು ದಿನಗಳಲ್ಲಿ ನಾಕೌಟ್ ಮಾದರಿಯಲ್ಲಿ ಮುಗಿಸಿ, ಅವಸರದಲ್ಲಿ ತಂಡ ಆರಿಸಿ, ಶಿಬಿರವೂ ಇಲ್ಲದೆ ಕಳುಹಿಸುವುದು ಅನಿವಾರ್ಯವಾಗುತ್ತದೆ. ನಾಕೌಟ್ ಎಂದರೆ ಮೊದಲ ಪಂದ್ಯ ಸೋತ ಸಣ್ಣ ಕಾಲೇಜಿಗೆ ಇಡೀ ವರ್ಷದ ಅಧಿಕೃತ ಕ್ರೀಡೆ ಆ ಮುಕ್ಕಾಲು ಗಂಟೆಯಲ್ಲೇ ಮುಗಿದಂತೆ.

ಮೂರು ವರ್ಷದ ಪದವಿಯಲ್ಲಿ ಆಟಗಾರನಿಗೆ ಸಿಗುವುದು ಮೂರೇ ಋತುಗಳು. ಮೊದಲ ವರ್ಷ ಪರಿಚಯಕ್ಕೆ ಹೋದರೆ ಉಳಿಯುವುದು ಎರಡು. ಗಡಿ ಬದಲಾವಣೆಯ ಗೊಂದಲದಲ್ಲಿ ಒಂದು ಋತು ಕಳೆದುಹೋದರೆ ಅದನ್ನು ಯಾವ ಅನುದಾನದಿಂದಲೂ ತುಂಬಿಕೊಡಲಾಗದು. ಸರ್ಕಾರಿ ಕಡತವೊಂದು ಆರು ತಿಂಗಳು ತಡವಾದರೆ ಆಡಳಿತಕ್ಕೆ ಅದು ಸಾಮಾನ್ಯ ವಿಳಂಬ. ಇಪ್ಪತ್ತು ವರ್ಷದ ಆಟಗಾರ್ತಿಗೆ ಅದು ಬದುಕಿನ ದಿಕ್ಕನ್ನೇ ಬದಲಿಸುವ ವಿಳಂಬ. ‘ಆಟಗಾರ್ತಿ’ ಎಂದು ಬೇಕೆಂದೇ ಬರೆದಿದ್ದೇನೆ. ಅನಿಶ್ಚಿತತೆಯ ಪೆಟ್ಟು ಹೆಣ್ಣುಮಕ್ಕಳಿಗೇ ಹೆಚ್ಚು. ಹಿರಿಯೂರು ಅಥವಾ ಹೊಸದುರ್ಗದ ಹಳ್ಳಿಯೊಂದರಿಂದ ಬಸ್ಸಿನಲ್ಲಿ ಬರುವ ವಿದ್ಯಾರ್ಥಿನಿಗೆ ತಿಂಗಳು ಮುಂಚೆ ದಿನಾಂಕ ತಿಳಿದರೆ ಮನೆಯವರನ್ನು ಒಪ್ಪಿಸಲು ಅವಕಾಶವಿರುತ್ತದೆ. ನಾಳೆ ಬೆಳಿಗ್ಗೆ ಹೊರಡಬೇಕೆಂದು ಇಂದು ಸಂಜೆ ಹೇಳಿದರೆ ಹೆಚ್ಚಿನ ಮನೆಗಳಲ್ಲಿ ಬರುವ ಉತ್ತರ ಏನೆಂದು ನಮಗೆಲ್ಲ ಗೊತ್ತು. ಸೇವೆಯಲ್ಲಿದ್ದಾಗ ತಾಲ್ಲೂಕು ಕೇಂದ್ರವೊಂದರಲ್ಲಿ ದೈಹಿಕ ಶಿಕ್ಷಣ ನಿರ್ದೇಶಕರೊಬ್ಬರು ನನಗೆ ಹೇಳಿದ ಮಾತು ಇಂದಿಗೂ ನೆನಪಿದೆ: ‘ಸಾರ್, ನಮ್ಮ ಹುಡುಗಿಯರು ಎದುರಾಳಿಗಳಿಗೆ ಸೋಲುವುದಿಲ್ಲ, ಸುತ್ತೋಲೆಗೆ ಸೋಲುತ್ತಾರೆ’.

ಇದು ನಮ್ಮಲ್ಲಿ ಮಾತ್ರ ಇರುವ ಸಮಸ್ಯೆಯಲ್ಲ. ಅಮೆರಿಕದಲ್ಲಿ ಕಾಲೇಜು ಫುಟ್‌ಬಾಲ್ ತಂಡಗಳು ‘ಕಾನ್ಫರೆನ್ಸ್’ ಎಂಬ ಕೂಟಗಳಲ್ಲಿ ಆಡುತ್ತವೆ. ಪಶ್ಚಿಮ ಕರಾವಳಿಯ ‘ಪ್ಯಾಕ್-12’ ಎಂಬ ಹಳೆಯ ಕೂಟದ ಹನ್ನೆರಡು ಸದಸ್ಯರಲ್ಲಿ ಹತ್ತು ವಿಶ್ವವಿದ್ಯಾಲಯಗಳು 2024ರಲ್ಲಿ ಹೆಚ್ಚಿನ ಟಿ.ವಿ. ಆದಾಯವನ್ನರಸಿ ಬೇರೆ ಕೂಟಗಳಿಗೆ ಹೊರಟುಹೋದವು. ಉಳಿದ ಆರೆಗನ್ ಸ್ಟೇಟ್ ಮತ್ತು ವಾಷಿಂಗ್ಟನ್ ಸ್ಟೇಟ್‌ಗಳಿಗೆ ಆಡಲು ಎದುರಾಳಿಗಳೇ ಇಲ್ಲದಂತಾಯಿತು. ನೆರೆಯ ಕೂಟವೊಂದರ ಜತೆ ಒಪ್ಪಂದ ಮಾಡಿಕೊಂಡು 2024ರ ಪಂದ್ಯಗಳನ್ನು ಹೊಂದಿಸಿಕೊಂಡ ಅವು, 2025ರಲ್ಲಿ ಒಂದೇ ಋತುವಿನಲ್ಲಿ ಪರಸ್ಪರ ಎರಡು ಬಾರಿ ಆಡಿದವು. ಅಲ್ಲಿ ಗಡಿ ಬದಲಿಸಿದ್ದು ಹಣ, ಇಲ್ಲಿ ಬದಲಿಸುವುದು ಸರ್ಕಾರಿ ಆದೇಶ. ಎರಡೂ ಕಡೆ ದೊಡ್ಡವರು ತೀರ್ಮಾನಿಸುತ್ತಾರೆ, ಚಿಕ್ಕವರು ವೇಳಾಪಟ್ಟಿ ಹುಡುಕುತ್ತಾರೆ. ಆದರೆ ಆ ಎರಡು ತಂಡಗಳು ಕೈಕಟ್ಟಿ ಕೂರದೆ ನೆರೆಯವರೊಡನೆ ಒಪ್ಪಂದ ಮಾಡಿಕೊಂಡಿದ್ದು ನಮಗೂ ಪಾಠವಾಗಬೇಕು.

ಪಾಠ ಮಾಡಲು ಅಧ್ಯಾಪಕರೇ ಸಾಲದಿರುವಾಗ ಆಟದ ಚಿಂತೆ ಏಕೆ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದುದೇ. ಹಣಕಾಸಿನ ಕಡತಗಳನ್ನು ನೋಡಿಯೇ ಸೇವಾವಧಿಯ ಬಹುಪಾಲು ಕಳೆದ ನನಗೆ ಬೊಕ್ಕಸದ ಮಿತಿ ಗೊತ್ತು. ಆದರೆ ನಾನು ಕೇಳುತ್ತಿರುವುದು ಹೊಸ ಕ್ರೀಡಾಂಗಣವನ್ನಲ್ಲ. ವಿದ್ಯಾರ್ಥಿಯಿಂದ ಪ್ರವೇಶದ ವೇಳೆ ಕ್ರೀಡಾ ಶುಲ್ಕ ಪಡೆಯುತ್ತೇವೆ, ಅದರ ಒಂದು ಭಾಗ ವಿಶ್ವವಿದ್ಯಾಲಯಕ್ಕೆ ಹೋಗುತ್ತದೆ. ಹಣ ಪಡೆದ ಮೇಲೆ ಸೇವೆ ಒದಗಿಸುವುದು ಔದಾರ್ಯವಲ್ಲ, ಋಣ.

ಹಾಗಾದರೆ ಮಾಡಬೇಕಾದುದೇನು? ಮೊದಲನೆಯದು, ವಿಶ್ವವಿದ್ಯಾಲಯಗಳನ್ನು ಒಡೆಯುವ ಅಥವಾ ಕೂಡಿಸುವ ಪ್ರತಿಯೊಂದು ಆದೇಶದಲ್ಲೂ ಕ್ರೀಡೆಗೆ ಸಂಬಂಧಿಸಿದ ಸಂಕ್ರಮಣ ನಿಯಮವೊಂದು ಇರಬೇಕು. ಪರೀಕ್ಷೆ, ಅಂಕಪಟ್ಟಿ, ಸಿಬ್ಬಂದಿ ಇವುಗಳಿಗೆ ಇಂತಹ ನಿಯಮ ಮಾಡುತ್ತೇವೆ. ಒಂದು ಪದವಿಯ ಅವಧಿಯಷ್ಟು ಕಾಲ, ಅಂದರೆ ಮೂರು ವರ್ಷ, ಹಳೆಯ ಮತ್ತು ಹೊಸ ವಿಶ್ವವಿದ್ಯಾಲಯಗಳು ಅಂತರ ಕಾಲೇಜು ಟೂರ್ನಿಗಳನ್ನು ಜಂಟಿಯಾಗಿ ನಡೆಸಿ, ವಿಶ್ವವಿದ್ಯಾಲಯದ ತಂಡಗಳನ್ನು ಮಾತ್ರ ಪ್ರತ್ಯೇಕವಾಗಿ ಆರಿಸಿಕೊಳ್ಳಲಿ. ಸ್ಥಾನಗಳೂ ಹೆಚ್ಚುತ್ತವೆ, ಸ್ಪರ್ಧೆಯೂ ಉಳಿಯುತ್ತದೆ. ಕುವೆಂಪು ಮತ್ತು ದಾವಣಗೆರೆ ವಿಶ್ವವಿದ್ಯಾಲಯಗಳ ನಡುವೆ ಇಂದಿಗೂ ಇಂತಹ ವಾರ್ಷಿಕ ಕೂಟ ನಡೆಸಲು ಅಡ್ಡಿಯೇನಿದೆ?

ಎರಡನೆಯದು, ಕ್ರೀಡಾ ವೇಳಾಪಟ್ಟಿಯನ್ನು ಶೈಕ್ಷಣಿಕ ವೇಳಾಪಟ್ಟಿಯ ಜತೆಗೇ, ತರಗತಿಗಳು ಆರಂಭವಾಗುವ ಮುನ್ನ ಪ್ರಕಟಿಸಬೇಕು. ವಲಯ ಸ್ಪರ್ಧೆಯ ದಿನಾಂಕದಿಂದ ಹಿಂದಕ್ಕೆ ಎಣಿಸಿ ಶಿಬಿರಕ್ಕೆ, ಆಯ್ಕೆಗೆ, ಅಂತರ ಕಾಲೇಜು ಪಂದ್ಯಗಳಿಗೆ ದಿನಗಳನ್ನು ಕಾದಿರಿಸಬೇಕು. ಪರೀಕ್ಷೆ ಮುಂದೂಡಬೇಕಾಗಿ ಬಂದರೆ ಕುಲಸಚಿವರು ಕ್ರೀಡಾ ನಿರ್ದೇಶಕರನ್ನು ಕೇಳಿಯೇ ಹೊಸ ದಿನಾಂಕ ನಿಗದಿಪಡಿಸುವಂತಾಗಬೇಕು. ಇದಕ್ಕೆ ಒಂದು ರೂಪಾಯಿಯೂ ಬೇಡ.

ಮೂರನೆಯದು ಮತ್ತು ಮುಖ್ಯವಾದುದು, ಜಿಲ್ಲಾ ಮಟ್ಟದ ಕಾಲೇಜು ಲೀಗ್. ಯಾವ ವಿಶ್ವವಿದ್ಯಾಲಯಕ್ಕೆ ಸೇರಿದ್ದರೂ ಸರಿ, ಚಿತ್ರದುರ್ಗ ಜಿಲ್ಲೆಯ ಪದವಿ, ಎಂಜಿನಿಯರಿಂಗ್, ತೋಟಗಾರಿಕೆ, ಕಾನೂನು, ಪಾಲಿಟೆಕ್ನಿಕ್ ಕಾಲೇಜುಗಳೆಲ್ಲ ವಾರಾಂತ್ಯಗಳಲ್ಲಿ ಪರಸ್ಪರ ಆಡಲಿ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಚಳ್ಳಕೆರೆಗಳು ಸರದಿಯಂತೆ ಆತಿಥ್ಯ ವಹಿಸಲಿ, ಅಂತಿಮ ಪಂದ್ಯಗಳು ಚಿತ್ರದುರ್ಗದ ಒನಕೆ ಓಬವ್ವ ಕ್ರೀಡಾಂಗಣದಲ್ಲಿ ನಡೆಯಲಿ. ಕಬಡ್ಡಿ, ಕೊಕ್ಕೊ, ವಾಲಿಬಾಲ್ ಈ ಮೂರು ಆಟಗಳಿಂದ ಆರಂಭಿಸಿದರೂ ಸಾಕು. ಇವಕ್ಕೆ ಬೇಕಾದ ಸಲಕರಣೆ ಅಲ್ಪ, ನೆಲ ಚಿಕ್ಕದು, ಆಟಗಾರರು ನಮ್ಮಲ್ಲಿ ಧಾರಾಳ. ನಾಕೌಟ್ ಬದಲು ಲೀಗ್ ಆದರೆ ಅತಿ ಸಣ್ಣ ಕಾಲೇಜಿಗೂ ವರ್ಷಕ್ಕೆ ಆರೇಳು ಖಚಿತ ಪಂದ್ಯಗಳು ದೊರೆಯುತ್ತವೆ. ಜಿಲ್ಲಾಧಿಕಾರಿಯ ಅಧ್ಯಕ್ಷತೆಯಲ್ಲಿ ಪ್ರಾಂಶುಪಾಲರ ಸಮಿತಿಯೊಂದು ಒಂದು ಮಧ್ಯಾಹ್ನ ಕುಳಿತರೆ ಇದರ ರೂಪುರೇಷೆ ಸಿದ್ಧವಾಗುತ್ತದೆ. ವಿಶ್ವವಿದ್ಯಾಲಯದ ಗಡಿ ಮುಂದೆ ಎಷ್ಟು ಸಲ ಬದಲಾದರೂ ಈ ಲೀಗ್ ಅಲುಗಾಡುವುದಿಲ್ಲ. ಏಕೆಂದರೆ ಅದು ನಿಂತಿರುವುದು ನೆರೆಹೊರೆಯ ಮೇಲೆ.

ಕೊನೆಯದಾಗಿ, ವಿದ್ಯಾರ್ಥಿಗಳಿಂದ ಸಂಗ್ರಹವಾದ ಕ್ರೀಡಾ ಶುಲ್ಕವೆಷ್ಟು, ಟೂರ್ನಿಗಳಿಗೆ, ಪ್ರಯಾಣ ಭತ್ಯೆಗೆ, ಆತಿಥ್ಯ ವಹಿಸಿದ ಕಾಲೇಜುಗಳಿಗೆ ಕೊಟ್ಟಿದ್ದೆಷ್ಟು ಎಂಬುದನ್ನು ಪ್ರತಿ ವಿಶ್ವವಿದ್ಯಾಲಯವೂ ವರ್ಷಕ್ಕೊಮ್ಮೆ ಪ್ರಕಟಿಸಲಿ. ಲೆಕ್ಕ ಬಹಿರಂಗವಾದ ಕಡೆ ಹಣ ತಾನಾಗಿಯೇ ಶಿಸ್ತು ಕಲಿಯುತ್ತದೆ ಎಂಬುದು ನನ್ನ ವೃತ್ತಿಜೀವನದ ಅನುಭವ.

ವಿಶ್ವವಿದ್ಯಾಲಯಗಳು ಎಷ್ಟಿರಬೇಕು, ಎಲ್ಲಿರಬೇಕು ಎಂಬುದನ್ನು ಸರ್ಕಾರ ತೀರ್ಮಾನಿಸಲಿ. ಆದರೆ ಉಪಸಮಿತಿಯ ಮುಂದಿನ ಸಭೆಗೆ ಕುಲಪತಿಗಳ ಜತೆ ತಾಲ್ಲೂಕು ಕಾಲೇಜುಗಳ ಇಬ್ಬರು ದೈಹಿಕ ಶಿಕ್ಷಣ ನಿರ್ದೇಶಕರನ್ನೂ ಕರೆಯಲಿ. ನಕ್ಷೆಯ ಮೇಲೆ ಎಳೆಯುವ ಗೆರೆ ಮೈದಾನವನ್ನು ಎಲ್ಲಿ ಸೀಳುತ್ತದೆ ಎಂಬುದನ್ನು ಅವರು ಐದು ನಿಮಿಷದಲ್ಲಿ ತೋರಿಸಿಕೊಡುತ್ತಾರೆ.