ಅನ್ನಕ್ಕೆ ಹೆದರುವ ಶಿಕ್ಷಕರು
ದ್ವಾರಕೆಯ ಜಿಮ್ ಮಾಲೀಕರು ವ್ಯಾಯಾಮ ಶಿಕ್ಷಕನ ಮೈಕಟ್ಟನ್ನೇ ಅಂಗಡಿಯ ಬೋರ್ಡಾಗಿ ನೇತುಹಾಕಿದ್ದಾರೆ. ಹೊಟ್ಟೆ ಬಂದರೆ ಗಿರಾಕಿ ತಪ್ಪೀತು, ಕಮಿಷನ್ ಹೋದೀತು ಎಂಬ ಅಂಜಿಕೆಯಲ್ಲಿ ಎಷ್ಟೋ ಮಂದಿ ಅನ್ನಕ್ಕೇ ಹೆದರುತ್ತಾರೆ. ಹಗಲೆಲ್ಲ ಉಪವಾಸ, ರಾತ್ರಿ ಕದ್ದು ಮುಕ್ಕುವುದು, ಮರುದಿನ ಪ್ರಾಯಶ್ಚಿತ್ತದ ಓಟ. ಇದನ್ನು ಶಿಸ್ತೆಂದು ಹೊಗಳುವುದನ್ನು ನಾವು ಒಪ್ಪೆವು. ಇದು ರೋಗ. ದುಡಿಮೆಗೆ ತಕ್ಕಷ್ಟು ಉಣ್ಣದಿದ್ದರೆ ಮೂಳೆ ಸೊರಗೀತು, ಹೆಂಗಸರ ಮುಟ್ಟು ನಿಂತೀತು ಎಂದು ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ತಜ್ಞರು 2014ರಲ್ಲೇ ಸಾರಿದ್ದಾರೆ. ನಮ್ಮ ಮೈಸೂರಿನ ಗರಡಿಗಳಲ್ಲಿ ಉಸ್ತಾದರಿಗೆ ವಯಸ್ಸಾಗಿ ಹೊಟ್ಟೆ ಬಂದರೂ ಗೌರವ ಕುಂದಲಿಲ್ಲ. ಅಲ್ಲಿ ಬೆಲೆಯಿದ್ದುದು ವಿದ್ಯೆಗೆ. ಐದು ಗಂಟೆ ದುಡಿಸಿದ ಮೇಲೆ ಊಟಕ್ಕೆ ಅರ್ಧ ಗಂಟೆಯಾದರೂ ಬಿಡುವು ಕೊಡಬೇಕೆಂದು ದೆಹಲಿಯ ಅಂಗಡಿಗಳ ಕಾಯ್ದೆ 1954ರಲ್ಲೇ ವಿಧಿಸಿತು. ಆ ಬಿಡುವನ್ನೂ, ಕಮಿಷನ್ನಿಗೆ ಜೋತುಬೀಳದ ಸಂಬಳವನ್ನೂ ನಾವು ಕೇಳುತ್ತೇವೆ.