ವೇಗೋತ್ಕರ್ಷ: ಒಂದು ಪಾರಿಭಾಷಿಕ ಪದದ ತೊಡಕು

ಕನ್ನಡದ ವಿಜ್ಞಾನ ಪರಿಭಾಷೆಯನ್ನು ಕುರಿತ ಚರ್ಚೆ ಬಹುಮಟ್ಟಿಗೆ ಸಂಸ್ಕೃತವೋ ಅಚ್ಚಗನ್ನಡವೋ ಎಂಬಲ್ಲಿಯೇ ಸುತ್ತುತ್ತದೆ. ಪದವು ತಾನು ಹೆಸರಿಸುವ ವಿದ್ಯಮಾನಕ್ಕೆ ಹೊಂದುತ್ತದೆಯೇ ಎಂಬ ಪ್ರಶ್ನೆ ಹಿಂದುಳಿಯುತ್ತದೆ. ಪ್ರೌಢಶಾಲಾ ಪಠ್ಯಗಳ ‘ವೇಗೋತ್ಕರ್ಷ’ ಇದಕ್ಕೆ ನಿದರ್ಶನ.

ದಾವಣಗೆರೆ, ಹರಿಹರ ಸೀಮೆಯ ಜೋಳದ ಹೊಲದಲ್ಲಿ ಹಕ್ಕಿ ಓಡಿಸಲು ಬೀಸುವ ಕವಣೆಕಲ್ಲನ್ನೇ ನೋಡೋಣ. ಕವಣೆಯಿಂದ ಚಿಮ್ಮಿದಾಗ ಅದರ ವೇಗದಲ್ಲಿ ಅಡ್ಡಲಾಗಿ ಸಾಗುವ ಅಂಶ ಸೆಕೆಂಡಿಗೆ 15 ಮೀಟರ್, ಮೇಲೇರುವ ಅಂಶ 19.6 ಮೀಟರ್ ಎಂದಿಟ್ಟುಕೊಳ್ಳೋಣ. ಗಾಳಿಯ ತಡೆಯನ್ನು ಬದಿಗಿಟ್ಟರೆ ಅಡ್ಡ ಅಂಶ ಕೊನೆಯವರೆಗೂ 15 ಆಗಿಯೇ ಉಳಿಯುತ್ತದೆ. ಮೇಲೇರುವ ಅಂಶವಾದರೋ ಒಂದು ಸೆಕೆಂಡಿನಲ್ಲಿ 9.8ಕ್ಕೆ ಇಳಿದು, ಎರಡನೆಯ ಸೆಕೆಂಡಿಗೆ ಸೊನ್ನೆಯಾಗಿ, ಮೂರನೆಯದಕ್ಕೆ ಕೆಳಮುಖವಾಗಿ 9.8 ಆಗುತ್ತದೆ. (ಹರಿಹರೇಶ್ವರನ ಮೂರ್ತಿಯಲ್ಲಿ ಇಬ್ಬರು ದೇವರು ಕೂಡಿರುವಂತೆ ಒಂದೇ ವೇಗದಲ್ಲಿ ಎರಡು ಅಂಶಗಳು, ಹೋಲಿಕೆಯನ್ನು ಇದಕ್ಕಿಂತ ಮುಂದೆ ಎಳೆಯಬೇಕಿಲ್ಲ.) ತುತ್ತತುದಿಯಲ್ಲಿಯೂ ಕಲ್ಲು ನಿಲ್ಲುವುದಿಲ್ಲ, ಅಡ್ಡಲಾಗಿ ಸಾಗುತ್ತಲೇ ಇರುತ್ತದೆ.

ಏರುವಾಗ, ತುದಿಯಲ್ಲಿ, ಇಳಿಯುವಾಗ, ಎಲ್ಲೆಡೆಯೂ ವೇಗ ಬದಲಾಗುವ ದರ ಒಂದೇ, ಅದರ ದಿಕ್ಕೂ ಒಂದೇ: ಕೆಳಕ್ಕೆ. ಈ ದರದ ಹೆಸರೇ ವೇಗೋತ್ಕರ್ಷ. ಆದರೆ ‘ಉತ್ಕರ್ಷ’ವೆಂದರೆ ಹೆಚ್ಚಳ, ಏಳಿಗೆ. ಏರುತ್ತಿರುವ ಕಲ್ಲು ನಿಧಾನಗೊಳ್ಳುತ್ತಿರುವಾಗ ಅಲ್ಲಿ ಯಾವ ಉತ್ಕರ್ಷವಿದೆ? ‘ಋಣ ವೇಗೋತ್ಕರ್ಷ’ವೆಂದು ತೇಪೆ ಹಾಕಿದರೆ ತೊಡಕು ಹೆಚ್ಚುತ್ತದೆಯೇ ಹೊರತು ಕಡಿಮೆಯಾಗದು. ಏರುವ ಅರ್ಧಕ್ಕೆ ಒಂದು ಹೆಸರು, ಇಳಿಯುವ ಅರ್ಧಕ್ಕೆ ಇನ್ನೊಂದು ಎಂದಾಗಿ, ಒಂದೇ ಗುರುತ್ವ ಎರಡಾಗಿ ತೋರುತ್ತದೆ.

ಇಂಗ್ಲಿಷಿನ ‘ಎಕ್ಸೆಲರೇಶನ್’ ಪದದ ಲ್ಯಾಟಿನ್ ಮೂಲದಲ್ಲೂ, ಹಿಂದಿಯ ‘ತ್ವರಣ’ದಲ್ಲೂ ತ್ವರೆಯ ಅರ್ಥವೇ ಇದೆ ಎಂಬುದು ನಿಜ. ಆದರೆ ಇಂಗ್ಲಿಷ್ ಪದದ ಮೂಲ ನಮ್ಮ ವಿದ್ಯಾರ್ಥಿಗೆ ಕಾಣದು. ‘ಉತ್ಕರ್ಷ’ದ ಅರ್ಥ ಕಾಣುತ್ತದೆ. ಹಳ್ಳಿಯ ಕನ್ನಡ ಮಾಧ್ಯಮದಿಂದ ದಾವಣಗೆರೆಯ ಪಿಯು ಕಾಲೇಜಿಗೆ ಬಂದು ಇಂಗ್ಲಿಷಿನಲ್ಲಿ ಭೌತಶಾಸ್ತ್ರ ಓದುವವರು ಈ ತಪ್ಪು ಅರ್ಥವನ್ನೂ ಹೊತ್ತು ಬರುತ್ತಾರೆ.

ಇದು ವಿಜ್ಞಾನ ವಿಭಾಗದ ಚಿಂತೆ ಎಂದು ಕನ್ನಡ ಅಧ್ಯಾಪಕರು ಕೈತೊಳೆದುಕೊಳ್ಳುವಂತಿಲ್ಲ. 1918ರಲ್ಲಿ ‘ವಿಜ್ಞಾನ’ ಪತ್ರಿಕೆ ಆರಂಭಿಸಿದವರಲ್ಲೊಬ್ಬರಾದ ಬೆಳ್ಳಾವೆ ವೆಂಕಟನಾರಣಪ್ಪನವರು ಭೌತಶಾಸ್ತ್ರದ ಅಧ್ಯಾಪಕರು. ಪಂಪಭಾರತದ ಸಂಪಾದಕರೂ ಅವರೇ. ಕಾವ್ಯದಲ್ಲಿ ಪರ್ಯಾಯಪದಗಳಾದ ‘ಜವ’, ‘ವೇಗ’ಗಳಲ್ಲಿ ಮೊದಲನೆಯದನ್ನು ದಿಕ್ಕಿಲ್ಲದ ಪರಿಮಾಣಕ್ಕೂ ಎರಡನೆಯದನ್ನು ದಿಕ್ಕುಳ್ಳದ್ದಕ್ಕೂ ನಿಗದಿಗೊಳಿಸಿದ ಪರಿಭಾಷೆಯ ಸೂಕ್ಷ್ಮತೆ ಇಲ್ಲಿ ಮಾತ್ರ ಏಕೆ ಸೋತಿತು? ವಿಮರ್ಶೆಯಲ್ಲಿ ನಾವು ನಿತ್ಯ ಬಳಸುವ ‘ಪಲ್ಲಟ’ವನ್ನು ಭೌತಶಾಸ್ತ್ರಕ್ಕೆ ಕೊಡಬಹುದು. ‘ವೇಗಪಲ್ಲಟ’ವೆಂದರೆ ಹೆಚ್ಚಳ, ಇಳಿಕೆ, ದಿಕ್ಕಿನ ಬದಲಾವಣೆ ಮೂರೂ ಅಡಗುತ್ತವೆ. ಪಠ್ಯಗಳ ಮುಂದಿನ ಪರಿಷ್ಕರಣೆಯವರೆಗೆ ಎರಡೂ ಪದಗಳನ್ನು ಜೊತೆಯಲ್ಲಿಟ್ಟು ತರಗತಿಯಲ್ಲಿ ಬಳಸಿ ನೋಡಲು ಅಡ್ಡಿಯೇನೂ ಇಲ್ಲ.