ಮೀನನ್ನು ಎಣಿಸುವ ಅಧಿಕಾರ ಯಾರದು?

ಥಾಯ್ಲೆಂಡಿನ ಪೂರ್ವದಂಚಿನಲ್ಲಿ, ಉಬೊನ್ ರಾಚಥಾನಿ ಪ್ರಾಂತ್ಯಕ್ಕೆ ಸೇರಿದ ಖೋಂಗ್ ಚಿಯಾಮ್ ಎಂಬ ಗ್ರಾಮೀಣ ಜಿಲ್ಲೆಯಿದೆ. ಮೂನ್ ನದಿ ಮೆಕಾಂಗನ್ನು ಸೇರುವುದು ಇಲ್ಲಿಯೇ. ಸಂಗಮದಲ್ಲಿ ಎರಡು ನದಿಗಳ ನೀರು ಎರಡು ಬಣ್ಣಗಳಾಗಿ ಸ್ವಲ್ಪ ದೂರ ಜೊತೆಯಲ್ಲಿ ಹರಿಯುತ್ತದೆ. ಆಚೆಯ ದಡ ಲಾವೋಸ್. ಜಿಲ್ಲೆಯ ಫಾ ತೇಮ್ ಬಂಡೆಗಳ ಮೇಲೆ ಇತಿಹಾಸಪೂರ್ವ ಕಾಲದ ಜನರು ಬಿಡಿಸಿದ ಚಿತ್ರಗಳಲ್ಲಿ ಭಾರಿ ಮೀನುಗಳಿವೆ, ನಮ್ಮ ಕೂಳಿಯನ್ನು ಹೋಲುವ ಬಲೆಗಳೂ ಇವೆ. ಇಲ್ಲಿಯ ಜನರಿಗೂ ಮೀನಿಗೂ ಇರುವ ನಂಟು ಎಷ್ಟು ಹಳೆಯದೆಂದು ಅರಿಯಲು ಬೇರೆ ವರದಿ ಬೇಕಿಲ್ಲ.

ಸಂಗಮದಿಂದ ಐದಾರು ಕಿಲೋಮೀಟರ್ ಮೇಲೆ, ವಿಶ್ವಬ್ಯಾಂಕಿನ ಸಾಲದ ನೆರವಿನಿಂದ ಕಟ್ಟಿದ ಪಾಕ್ ಮೂನ್ ಅಣೆಕಟ್ಟು 1994ರಲ್ಲಿ ಪೂರ್ಣಗೊಂಡಿತು. 17 ಮೀಟರ್ ಎತ್ತರ, 136 ಮೆಗಾವ್ಯಾಟ್ ಸ್ಥಾಪಿತ ಸಾಮರ್ಥ್ಯ. ಇದಕ್ಕೆ ಆಧಾರವಾಗಿದ್ದ ಪರಿಸರ ಪರಿಣಾಮ ಅಧ್ಯಯನವಾದರೋ 1982ರದು. ಅದು ನಡೆದದ್ದು ಬೇರೊಂದು ಸ್ಥಳಕ್ಕಾಗಿ! ಸ್ಥಳ ಬದಲಾಯಿತು, ವಿನ್ಯಾಸ ಬದಲಾಯಿತು, ಅಧ್ಯಯನ ಮಾತ್ರ ಬದಲಾಗಲಿಲ್ಲ.

ಮುಂಗಾರಿನ ಮೊದಲ ಮಳೆಗೆ ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ ಏರಿ ಬರುವ ಹತ್ತುಮೀನನ್ನು ಕಂಡ ಮಲೆನಾಡಿನ ಓದುಗರಿಗೆ ಮೂನ್ ನದಿಯ ಕಥೆಯನ್ನು ಹೆಚ್ಚು ವಿವರಿಸಬೇಕಿಲ್ಲ. ಮಳೆಗಾಲದ ಆರಂಭದಲ್ಲಿ ಮೆಕಾಂಗಿನ ಮೀನುಗಳು ಮರಿಮಾಡಲು ಮೂನ್ ನದಿಯನ್ನು ಏರುತ್ತಿದ್ದವು. ಅವುಗಳ ದಾರಿಗೆ ಅಡ್ಡಲಾಗಿ ಗೋಡೆ ಎದ್ದಿತು. ಬಂಡೆಗಳ ನಡುವೆ ನೀರು ನುಗ್ಗಿ ಹರಿಯುತ್ತಿದ್ದ ಸುಮಾರು ಐವತ್ತು ತಾಣಗಳು ಹಿನ್ನೀರಿನಲ್ಲಿ ಮುಳುಗಿದವು. ಪರಿಹಾರವೆಂದು ತಜ್ಞರು ಕೊಟ್ಟದ್ದು ಕಾಂಕ್ರೀಟಿನ ಒಂದು ಮೀನೇಣಿ. ವಿಶ್ವ ಅಣೆಕಟ್ಟು ಆಯೋಗ (ನರ್ಮದೆಯ ಮೇಧಾ ಪಾಟ್ಕರ್ ಅದರ ಸದಸ್ಯರಲ್ಲೊಬ್ಬರು) 2000ದಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಆ ಏಣಿ ಕೆಲಸಕ್ಕೆ ಬರಲಿಲ್ಲ. ಅಣೆಕಟ್ಟಿಗೆ ಮೊದಲು ಮೂನ್ ಜಲಾನಯನದಲ್ಲಿ ದಾಖಲಾಗಿದ್ದ 265 ಜಾತಿಯ ಮೀನುಗಳಲ್ಲಿ ಮೇಲ್ಭಾಗದ ನದಿಯಲ್ಲಿ ಮತ್ತೆ ಕಂಡದ್ದು 96.

ಹಿನ್ನೀರಿನಲ್ಲಿ ಹೆಕ್ಟೇರಿಗೆ ವರ್ಷಕ್ಕೆ 100 ಕಿಲೋ ಮೀನು, ಮರಿ ಬಿತ್ತಿದರೆ 220 ಕಿಲೋ ಎಂದು ಹಳೆಯ ವರದಿ ಆಸೆ ಹುಟ್ಟಿಸಿತ್ತು. ಸುಮಾರು 10 ಕಿಲೋ ಎಂಬುದೇ ವಾಸ್ತವಕ್ಕೆ ಹತ್ತಿರವಾಗುತ್ತಿತ್ತೆಂದು ಆಯೋಗದ ಅಧ್ಯಯನ ಹೇಳಿತು. ಇಳುವರಿಯ ಅಂದಾಜಿನಲ್ಲಿ ಹತ್ತು ಪಟ್ಟು ತಪ್ಪಿದ ಕೃಷಿ ವಿಜ್ಞಾನಿಯನ್ನು ಯಾವ ರೈತನಾದರೂ ಎರಡನೆಯ ಸಲ ಹೊಲಕ್ಕೆ ಬಿಟ್ಟುಕೊಂಡಾನೆಯೆ? ಇನ್ನು ಸಿಹಿನೀರು ಸೀಗಡಿಯ ಮರಿಗಳನ್ನು ಬಿತ್ತಿದ್ದನ್ನು ನೋಡಿ. ಅದರ ಮರಿಗಳು ಬೆಳೆಯುವುದಕ್ಕೆ ಅಳಿವೆಯ ಉಪ್ಪುನೀರು ಬೇಕು. ಸಮುದ್ರದಿಂದ ನೂರಾರು ಕಿಲೋಮೀಟರ್ ದೂರದ ಹಿನ್ನೀರಿನಲ್ಲಿ ಅದು ಸಂತತಿಯನ್ನು ಬೆಳೆಸಲಾರದು. ಪ್ರತಿ ವರ್ಷವೂ ಹೊಸದಾಗಿ ತಂದು ಸುರಿಯಬೇಕು.

ವಿದ್ಯುತ್ತಿನ ಲೆಕ್ಕವೂ ಹೀಗೆಯೇ. ಬೇಡಿಕೆ ಏರುವ ಹೊತ್ತಿನಲ್ಲಿ ನೆಚ್ಚಿಕೊಳ್ಳಬಹುದಾದ ಸಾಮರ್ಥ್ಯ ಸುಮಾರು 21 ಮೆಗಾವ್ಯಾಟ್ ಮಾತ್ರವೆಂದು ಅದೇ ಅಧ್ಯಯನ ತಿಳಿಸಿತು. 388 ಕೋಟಿ ಬಾಟ್ ಎಂದು ಅಂದಾಜಿಸಿದ್ದ ವೆಚ್ಚ 650 ಕೋಟಿಯನ್ನು ಮುಟ್ಟಿತ್ತು. ಮೀನುಗಾರಿಕೆ ಕಳೆದುಕೊಂಡದ್ದಕ್ಕೆ ಪರಿಹಾರ ಪಡೆದ 6,202 ಕುಟುಂಬಗಳಿಗೆ ದೊರೆತದ್ದು ಕಟ್ಟುವ ಅವಧಿಯ ನಷ್ಟದ ಹಣ. ಶಾಶ್ವತ ನಷ್ಟಕ್ಕೆ ಬೆಲೆ ಕಟ್ಟಿರಲಿಲ್ಲ.

ಜನ ಸುಮ್ಮನಿರಲಿಲ್ಲ. 1997ರಲ್ಲಿ ಬಡವರ ಒಕ್ಕೂಟದೊಡನೆ ಬ್ಯಾಂಕಾಕಿನ ಸರ್ಕಾರಿ ಭವನದ ಮುಂದೆ 99 ದಿನ ಕುಳಿತರು. 1999ರಲ್ಲಿ ಅಣೆಕಟ್ಟಿನ ಪಕ್ಕದಲ್ಲೇ ಗುಡಿಸಲು ಕಟ್ಟಿದರು. ಕೊನೆಗೆ 2001ರ ಜೂನ್‌ನಲ್ಲಿ ಒಂದು ವರ್ಷದ ಮಟ್ಟಿಗೆ ಗೇಟುಗಳು ತೆರೆದವು. ಆಗ ಹಳ್ಳಿಗರು ತಾವೇ ಸಂಶೋಧನೆಗಿಳಿದರು. ‘ತಾಯ್ ಬಾನ್’ ಸಂಶೋಧನೆ ಎಂದು ಅದರ ಹೆಸರು; ಆ ನುಡಿಯಲ್ಲಿ ‘ಊರಿನವರು’ ಎಂದಷ್ಟೇ ಅರ್ಥ. ಬಲೆಗೆ ಬಿದ್ದ ಮೀನಿನ ಚಿತ್ರ ತೆಗೆದು, ಊರಿನ ಹೆಸರು, ನೆಲೆ, ಋತು, ಹಿಡಿಯುವ ಸಾಧನ ಎಲ್ಲವನ್ನೂ ಬರೆದಿಟ್ಟರು. ಮರಳಿ ಬಂದ ಮೀನುಗಳು 156 ಜಾತಿಯವು.

ಇದು ವಿಜ್ಞಾನವಲ್ಲ, ಅನುಭವದ ಟಿಪ್ಪಣಿ ಎನ್ನುವ ಸಹವೃತ್ತಿಗರು ನಮ್ಮಲ್ಲಿದ್ದಾರೆ. ಅವರನ್ನು ಕೇಳುತ್ತೇನೆ: ಒಂದೇ ನದಿ, ಅದೇ ಜನ, ಅದೇ ಬಲೆ, ಬದಲಾದ ಅಂಶ ಗೇಟು ಒಂದೇ. ಕ್ಷೇತ್ರ ಪ್ರಯೋಗವೊಂದಕ್ಕೆ ಇದಕ್ಕಿಂತ ಸ್ವಚ್ಛವಾದ ವಿನ್ಯಾಸವನ್ನು ನೀವು ಯಾವ ಸಂಶೋಧನಾ ಕೇಂದ್ರದಲ್ಲಿ ಕಂಡಿದ್ದೀರಿ? ಮೀನು ಅಳಿದದ್ದಕ್ಕೆ ಅತಿಯಾದ ಬೇಟೆಯೂ ಮಾಲಿನ್ಯವೂ ಕಾರಣವೆಂದು ವಾದಿಸಿದವರಿದ್ದರು. ಹಾಗಿದ್ದಲ್ಲಿ ಗೇಟು ತೆರೆದ ಒಂದೇ ವರ್ಷದಲ್ಲಿ ಅವು ಮರಳಿದ್ದು ಹೇಗೆ? ಬೇಟೆಗಾರರು ಬಲೆ ಮಡಚಿ ಕುಳಿತಿರಲಿಲ್ಲವಲ್ಲ!

ಸರ್ಕಾರವೇ ಅಧ್ಯಯನಕ್ಕೆ ನೇಮಿಸಿದ ಉಬೊನ್ ರಾಚಥಾನಿ ವಿಶ್ವವಿದ್ಯಾಲಯವೂ ಐದು ವರ್ಷ ಕಾಲ ಗೇಟುಗಳನ್ನು ವರ್ಷವಿಡೀ ತೆರೆದಿಡಬೇಕೆಂದೇ ಶಿಫಾರಸು ಮಾಡಿತು. ಸರ್ಕಾರ ಒಪ್ಪಿದ್ದು ವರ್ಷಕ್ಕೆ ನಾಲ್ಕು ತಿಂಗಳು. ಹಳ್ಳಿಗರ ಲೆಕ್ಕ ವಿಜ್ಞಾನವಲ್ಲವೆಂದಾದರೆ ವಿಶ್ವವಿದ್ಯಾಲಯದ ಲೆಕ್ಕವನ್ನೇಕೆ ಬದಿಗಿಟ್ಟರು? ತಮಗೆ ಬೇಕಾದ ಉತ್ತರ ಬರುವವರೆಗೆ ಪಂಡಿತರನ್ನು ಬದಲಾಯಿಸುತ್ತಾ ಹೋಗುವ ಈ ಪದ್ಧತಿಗೆ ನಮ್ಮ ವೃತ್ತಿಯ ಜನರು ಸಹಿ ಹಾಕುವುದನ್ನು ನಿಲ್ಲಿಸಬೇಕು.

ಈಗ ಅದೇ ಖೋಂಗ್ ಚಿಯಾಮ್‌ನಲ್ಲಿ, ಲಾವೋಸ್ ಗಡಿಯಾಗಿ ಹರಿಯುವ ಮೆಕಾಂಗಿಗೇ ಅಡ್ಡಲಾಗಿ, ಬಾನ್ ಕೂಮ್ ಎಂಬಲ್ಲಿ 1,872 ಮೆಗಾವ್ಯಾಟ್‌ನ ಮತ್ತೊಂದು ಅಣೆಕಟ್ಟಿನ ಪ್ರಸ್ತಾವವಿದೆ. 2008ರಲ್ಲಿ ಎರಡು ದೇಶಗಳು ಇದಕ್ಕಾಗಿ ಒಪ್ಪಂದಪತ್ರಕ್ಕೆ ಸಹಿ ಹಾಕಿದ್ದವು. ಅಲ್ಲಿ ವರದಿ ಬರೆಯಲು ಹೋಗುವ ವಿಜ್ಞಾನಿಗಳು ಮೊದಲು ಮೂನ್ ದಡದ ಊರಿನವರ ಆ ಪಟ್ಟಿಯನ್ನು ಓದಲಿ. ಅದರಲ್ಲಿರುವ 156 ಹೆಸರುಗಳಲ್ಲಿ ಎಷ್ಟನ್ನು ತಾವು ಬಲ್ಲೆವೆಂದು ಲೆಕ್ಕ ಹಾಕಿಕೊಂಡು ಆಮೇಲೆ ಲೇಖನಿ ಎತ್ತಲಿ.